ಮೈಮೇಲಿನ ಉಣುಗು, ಗೋಡೆಯೊಳಗಿನ ಉಣುಗು

ಪ್ರಶ್ನೆ: ನಮ್ಮದು ಶಿವಮೊಗ್ಗದ ಹೊರವಲಯದಲ್ಲಿ ಹಳೆಯ ಹೆಂಚಿನ ಮನೆ. ಕೆಂಚ ಅಂತ ಮೂರು ವರ್ಷದ ನಾಟಿ ನಾಯಿ ಇದ್ದಾನೆ, ತೂಕ 18 ಕೆ.ಜಿ. ರಾತ್ರಿ ಜಗಲಿಯಲ್ಲಿ ಗೋಣಿಚೀಲದ ಮೇಲೆ ಮಲಗುತ್ತಾನೆ. ಮಳೆ ಹಿಂದಾದಾಗಿನಿಂದ ಮೈತುಂಬ ಉಣುಗು. ತಿಂಗಳಿಗೊಮ್ಮೆ ಬೆನ್ನಿಗೆ ಫಿಪ್ರೊನಿಲ್ ಹನಿ ಬಿಡುತ್ತೇವೆ, ಪ್ರತಿ ಭಾನುವಾರ ಉಣುಗಿನ ಶಾಂಪೂ ಹಾಕಿ ತೊಳೆಯುತ್ತೇವೆ. ಎರಡು ದಿನ ಕಡಿಮೆ ಅನಿಸುತ್ತದೆ, ಆಮೇಲೆ ಮತ್ತೆ ಅಷ್ಟೇ. ಈಗ ಗೋಡೆ ಮೇಲೂ ಹರಿದಾಡುತ್ತಿವೆ. ಅತ್ತೆಯವರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚಿ ಅನ್ನುತ್ತಾರೆ. ಮನೆಯಲ್ಲಿ ಬೆಕ್ಕೂ ಇದೆ, ಎರಡು ವರ್ಷದ ಮಗುವೂ ಇದೆ. ಇದರಿಂದ ಮಂಗನ ಕಾಯಿಲೆ ಬರುತ್ತದೆಯೇ? ಏನು ಮಾಡಬೇಕು?

ಉತ್ತರ: ಮೊದಲು ಭಾನುವಾರದ ಸ್ನಾನ ನಿಲ್ಲಿಸಿ. ನಿಮ್ಮ ಪತ್ರದಲ್ಲಿ ಎದ್ದು ಕಾಣುವ ತಪ್ಪು ಅದೊಂದೇ, ಮತ್ತು ಅದನ್ನು ನೀವು ಕಾಳಜಿಯಿಂದಲೇ ಮಾಡುತ್ತಿದ್ದೀರಿ. ಬೆನ್ನಿಗೆ ಬಿಟ್ಟ ಫಿಪ್ರೊನಿಲ್ ಒಂದೆರಡು ದಿನದಲ್ಲಿ ಚರ್ಮದ ಜಿಡ್ಡಿನ ಜೊತೆ ಮೈಯೆಲ್ಲ ಹರಡಿ, ಕೂದಲಿನ ಬುಡದ ಎಣ್ಣೆಗ್ರಂಥಿಗಳಲ್ಲಿ ಉಳಿದುಕೊಳ್ಳುತ್ತದೆ. ಅಲ್ಲಿಂದ ದಿನವೂ ಸ್ವಲ್ಪಸ್ವಲ್ಪ ಹೊರಗೆ ಬಂದು ತಿಂಗಳವರೆಗೆ ಕೆಲಸ ಮಾಡುತ್ತದೆ. ವಾರಕ್ಕೊಮ್ಮೆ ಶಾಂಪೂ ಹಾಕಿ ಆ ಜಿಡ್ಡನ್ನೇ ತೆಗೆದರೆ ಔಷಧದ ಆಯಸ್ಸು ಕಡಿಮೆಯಾಗುತ್ತದೆ. ಹನಿ ಬಿಡುವ ಎರಡು ದಿನ ಮೊದಲು, ಬಿಟ್ಟ ಎರಡು ದಿನ ಆಮೇಲೆ ಸ್ನಾನ ಕೂಡದು. ಉಳಿದ ದಿನಗಳಲ್ಲೂ ತಿಂಗಳಿಗೊಂದು ಸ್ನಾನ ಸಾಕು. ನಾಟಿ ನಾಯಿಯ ಗಿಡ್ಡ ಕೂದಲಿಗೆ ಅದಕ್ಕಿಂತ ಹೆಚ್ಚು ಬೇಕಾಗಿಯೂ ಇಲ್ಲ. ಕೆಸರು ಹತ್ತಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆದರೆ ಸ್ನಾನ ನಿಲ್ಲಿಸಿದ ಮಾತ್ರಕ್ಕೆ ಉಣುಗು ಹೋಗುವುದಿಲ್ಲ. ಎರಡು ದಿನ ಕಡಿಮೆಯಾಗಿ ಮತ್ತೆ ಅಷ್ಟೇ ಆಗುತ್ತದೆ ಎಂದು ನೀವೇ ಬರೆದಿದ್ದೀರಿ. ಮತ್ತೆ ಬರುವ ಆ ಉಣುಗು ನಿಮ್ಮ ಗೋಡೆಯಿಂದ ಬರುತ್ತಿದೆ.

ನಾಯಿಯ ಮೈಮೇಲೆ ಕಾಣುವ ಕಂದು ಉಣುಗು (ಬಯಲುಸೀಮೆಯವರು ಉಣ್ಣೆ ಎನ್ನುವುದೂ ಇದನ್ನೇ) ಬದುಕಿನ ಹೆಚ್ಚು ಪಾಲನ್ನು ನಾಯಿಯಿಂದ ಹೊರಗೆ ಕಳೆಯುತ್ತದೆ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ರಾಗಿಕಾಳಿಗಿಂತ ಚಿಕ್ಕದು. ಅದು ನಾಯಿಯನ್ನು ಹತ್ತಿ ಕೆಲವು ದಿನ ರಕ್ತ ಕುಡಿದು ಉದುರುತ್ತದೆ. ಯಾವುದಾದರೂ ಬಿರುಕಿನಲ್ಲಿ ಅಡಗಿ, ಪೊರೆ ಕಳಚಿ, ಎಂಟು ಕಾಲಿನದಾಗಿ ಮತ್ತೆ ನಾಯಿಯನ್ನು ಹತ್ತುತ್ತದೆ. ಮತ್ತೆ ಕುಡಿದು, ಉದುರಿ, ಪೊರೆ ಕಳಚಿ, ಬಲಿತ ಉಣುಗಾಗಿ ಮೂರನೆಯ ಸಲ ಹತ್ತುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಅವರೆಕಾಳಿನಷ್ಟು ದಪ್ಪವಾಗಿ, ಬೂದಿ ನೀಲಿ ಬಣ್ಣಕ್ಕೆ ತಿರುಗಿ ಕೆಳಗೆ ಬೀಳುತ್ತದೆ. ನೀವು ಗೋಡೆ ಮೇಲೆ ನೋಡುತ್ತಿರುವುದು ಬಹುಪಾಲು ಇದನ್ನೇ. ಮೇಲಕ್ಕೆ ಹತ್ತುವುದು ಈ ಜಾತಿಯ ಸ್ವಭಾವ. ಗೋಡೆ ಮತ್ತು ಸೂರು ಸೇರುವ ಮೂಲೆ, ಬಾಗಿಲ ಚೌಕಟ್ಟಿನ ಹಿಂಬದಿ, ಸ್ವಿಚ್ ಬೋರ್ಡಿನ ಸಂದು, ಹೆಂಚಿನ ಕೆಳಗಿನ ಪಟ್ಟಿ, ಇಂಥ ಕಡೆ ಸೇರಿಕೊಂಡು ಸಾವಿರಗಟ್ಟಲೆ ಮೊಟ್ಟೆ ಇಟ್ಟು ಸಾಯುತ್ತದೆ. ಒಂದೇ ಹೆಣ್ಣು ನಾಲ್ಕು ಸಾವಿರದವರೆಗೂ ಇಡಬಲ್ಲದು. ಕಂದು ಬಣ್ಣದ ಸಣ್ಣ ಸಾಬೂದಾನಿ ಅಂಟಿಕೊಂಡು ಮುದ್ದೆಯಾದ ಹಾಗೆ ಕಾಣುತ್ತದೆ ಆ ಮೊಟ್ಟೆಗಳ ಗುಂಪು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಈ ಸುತ್ತು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಹೊಟ್ಟೆಗೆ ಸಿಗದೆ ಇದ್ದರೂ ಬಲಿತ ಉಣುಗು ವರ್ಷಕ್ಕೂ ಮೀರಿ ಕಾಯಬಲ್ಲದು. ಹಾಗಾಗಿ ನಾಯಿಯನ್ನು ಒಂದು ತಿಂಗಳು ಬೇರೆ ಕಡೆ ಬಿಟ್ಟುಬಂದರೆ ಉಣುಗು ಹಸಿದು ಸಾಯುತ್ತವೆ ಎನ್ನುವ ಲೆಕ್ಕಾಚಾರವೂ ನಡೆಯುವುದಿಲ್ಲ.

ಇದರಿಂದ ಒಂದು ವಿಷಯ ಸ್ಪಷ್ಟ: ನಿಮ್ಮ ಕೆಲಸ ಕನಿಷ್ಠ ನಾಲ್ಕು ತಿಂಗಳದ್ದು. ಆ ನಾಲ್ಕು ತಿಂಗಳೂ ಕೆಂಚನ ರಕ್ತ ಕುಡಿದ ಪ್ರತಿ ಉಣುಗೂ ಮೊಟ್ಟೆ ಇಡುವ ಮೊದಲೇ ಸಾಯಬೇಕು, ಒಂದು ದಿನವೂ ತೆರಪು ಇರಬಾರದು. ಜೊತೆಜೊತೆಗೇ ಮನೆಯ ಬಿರುಕುಗಳನ್ನು ಖಾಲಿ ಮಾಡಬೇಕು. ಎರಡರಲ್ಲಿ ಒಂದನ್ನು ಮಾತ್ರ ಮಾಡಿದವರೇ ಮುಂದಿನ ವರ್ಷವೂ ಇದೇ ಪ್ರಶ್ನೆ ಕೇಳುವುದು.

ನಾಯಿಗೆ ಯಾವ ಔಷಧ

ಈ ಮಟ್ಟಕ್ಕೆ ಹೆಚ್ಚಿರುವಾಗ ಹನಿ ಔಷಧಕ್ಕಿಂತ ಹೊಟ್ಟೆಗೆ ಕೊಡುವ ಮಾತ್ರೆ ಒಳ್ಳೆಯದು. ಫ್ಲುರಾಲನರ್ ಮಾತ್ರೆ ಒಂದು ಕೊಟ್ಟರೆ 12 ವಾರ ಕೆಲಸ ಮಾಡುತ್ತದೆ. 10ರಿಂದ 20 ಕೆ.ಜಿ. ತೂಕದ ನಾಯಿಗೆ 500 ಮಿ.ಗ್ರಾಂ. ಮಾತ್ರೆ. ಅಫಾಕ್ಸೊಲನರ್ ಆದರೆ ತಿಂಗಳಿಗೊಂದು. ಕೆಂಚನ ತೂಕಕ್ಕೆ 68 ಮಿ.ಗ್ರಾಂನದು. ಮಾತ್ರೆ ಮೈಮೇಲೆ ಇರುವುದಿಲ್ಲವಾದ್ದರಿಂದ ಸ್ನಾನದಲ್ಲಿ ತೊಳೆದುಹೋಗುವುದಿಲ್ಲ, ಮಗು ನಾಯಿಯನ್ನು ತಬ್ಬಿಕೊಂಡರೆ ಕೈಗೆ ಅಂಟುವುದಿಲ್ಲ, ಬೆಕ್ಕು ನೆಕ್ಕಿದರೂ ಭಯವಿಲ್ಲ. ನಿಮ್ಮಂಥ ಮನೆಗೆ ಇದು ದೊಡ್ಡ ಅನುಕೂಲ. ಬೆಲೆ ಹೆಚ್ಚು ಎಂಬುದು ನಿಜ. ಆದರೆ ವಾರವಾರ ಶಾಂಪೂ, ತಿಂಗಳ ಹನಿ, ಆಮೇಲೆ ಜ್ವರ ಬಂದರೆ ರಕ್ತಪರೀಕ್ಷೆ, ಡ್ರಿಪ್ ಎಲ್ಲ ಕೂಡಿಸಿದರೆ ಮಾತ್ರೆಯೇ ಅಗ್ಗ.

ಫ್ಲುರಾಲನರ್ ಅನ್ನು ಊಟದ ಜೊತೆ ಕೊಡಬೇಕು. ಖಾಲಿ ಹೊಟ್ಟೆಗೆ ಕೊಟ್ಟರೆ ಮೈಗೆ ಸರಿಯಾಗಿ ಸೇರುವುದಿಲ್ಲ. ಅನ್ನದಲ್ಲಿ ಪುಡಿ ಮಾಡಿ ಬೆರೆಸಬೇಡಿ, ಅರ್ಧ ಬಟ್ಟಲಲ್ಲೇ ಉಳಿದುಬಿಡುತ್ತದೆ. ಊಟದ ಮಧ್ಯೆ ಇಡಿಯಾಗಿ ಬಾಯಿಗೆ ಹಾಕಿ, ನುಂಗಿದ್ದನ್ನು ಕಣ್ಣಾರೆ ನೋಡಿ. ದೊಡ್ಡ ನಾಯಿಯ ಮಾತ್ರೆ ತಂದು ಎರಡು ತುಂಡು ಮಾಡಿ ಹಂಚುವುದು ಬೇಡ. ತುಂಡಿನಲ್ಲಿ ಎಷ್ಟು ಔಷಧ ಇದೆ ಎಂದು ಹೇಳಲಾಗುವುದಿಲ್ಲ. ಕೊಡುವ ದಿನವೇ ತೂಕ ನೋಡಿ. ನೀವು ತೂಕದ ಯಂತ್ರದ ಮೇಲೆ ನಾಯಿಯನ್ನು ಎತ್ತಿಕೊಂಡು ನಿಂತು, ಆಮೇಲೆ ಒಬ್ಬರೇ ನಿಂತು, ಕಳೆದರೆ ಆಯಿತು. 18 ಎಂದುಕೊಂಡದ್ದು 21 ಆಗಿದ್ದರೆ ಮಾತ್ರೆಯ ಅಳತೆಯೇ ಬದಲಾಗುತ್ತದೆ.

ಕೆಂಚನಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಇದನ್ನು ವೈದ್ಯರಿಗೆ ಮೊದಲೇ ಹೇಳಿ. ಈ ಗುಂಪಿನ ಔಷಧಗಳಿಂದ ಕೆಲವು ನಾಯಿಗಳಲ್ಲಿ ನಡುಕ, ಫಿಟ್ಸ್ ಕಾಣಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅಂಥ ನಾಯಿಗೆ ಹನಿ ಔಷಧವೇ ಸರಿ. ಹನಿಯನ್ನೇ ಮುಂದುವರಿಸುವುದಾದರೆ ಹತ್ತರಿಂದ ಇಪ್ಪತ್ತು ಕೆ.ಜಿ.ಯವರಿಗೆ 1.34 ಮಿ.ಲೀ.ನ ಕೊಳವೆ. ಹೆಗಲ ಎಲುಬುಗಳ ನಡುವೆ ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ, ಬಿಳಿ ಚರ್ಮ ಕಂಡ ಮೇಲೆ ಅಲ್ಲಿಗೇ ಬಿಡಿ. ಕೂದಲ ಮೇಲೆ ಬಿದ್ದದ್ದು ವ್ಯರ್ಥ.

ಮಾತ್ರೆಯ ಬಗ್ಗೆ ಒಂದು ಗಾಬರಿ ಎಲ್ಲರಿಗೂ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಮಾತ್ರೆ ಕೊಟ್ಟ ಮೇಲೂ ಕೆಂಚನ ಮೈಮೇಲೆ ಉಣುಗು ಕಾಣುತ್ತವೆ. ಈ ಔಷಧ ರಕ್ತದಲ್ಲಿ ಇರುತ್ತದೆ, ಉಣುಗು ಕಚ್ಚಿ ಕುಡಿದರೆ ಮಾತ್ರ ಸಾಯುತ್ತದೆ. ಗೋಡೆಯಲ್ಲಿ ಕಾದು ಕೂತ ನೂರಾರು ಹಸಿದ ಉಣುಗು ಒಂದೊಂದಾಗಿ ಬಂದು ಹತ್ತಿ, ಕಚ್ಚಿ, ಒಂದು ದಿನದೊಳಗೆ ಸಾಯುತ್ತಿರುತ್ತವೆ. ಬೆರಳಲ್ಲಿ ಮುಟ್ಟಿ ನೋಡಿ: ಒಣಗಿ ಚಪ್ಪಟೆಯಾಗಿ, ಕಾಲು ಮಡಚಿಕೊಂಡಿದ್ದರೆ ಔಷಧ ಕೆಲಸ ಮಾಡುತ್ತಿದೆ. ಅವರೆಕಾಳಿನಂತೆ ಉಬ್ಬಿದ ಹೆಣ್ಣು ಮಾತ್ರೆ ಕೊಟ್ಟ ವಾರದ ಮೇಲೂ ಕಂಡರೆ ಏನೋ ತಪ್ಪಿದೆ. ನಾಯಿ ಮಾತ್ರೆಯನ್ನು ವಾಂತಿ ಮಾಡಿರಬೇಕು, ಇಲ್ಲವೇ ತೂಕದ ಲೆಕ್ಕ ತಪ್ಪಿರಬೇಕು.

ದನದ ಔಷಧದ ಅಂಗಡಿಯಲ್ಲಿ ಸಿಗುವ ಎರಡನ್ನು ದಯವಿಟ್ಟು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಒಂದು, ಅಮಿಟ್ರಾಜ್ ದ್ರಾವಣ. ನೀರಿಗೆ ಬೆರೆಸುವ ಅಳತೆ ಸ್ವಲ್ಪ ತಪ್ಪಿದರೂ ನಾಯಿ ತೂಕಡಿಸುತ್ತದೆ, ವಾಂತಿ ಮಾಡುತ್ತದೆ, ಎದೆಬಡಿತ ನಿಧಾನವಾಗುತ್ತದೆ, ಬೆಕ್ಕಿಗಂತೂ ವಿಷ. ಇನ್ನೊಂದು, ಐವರ್ಮೆಕ್ಟಿನ್ ಚುಚ್ಚುಮದ್ದು. ಉಣುಗಿಗೆ ಇದು ಒಳ್ಳೆಯ ಔಷಧವೇ ಅಲ್ಲ. ದನದ ಬಾಟಲಿಯಲ್ಲಿ ಒಂದು ಮಿ.ಲೀ.ಗೆ 10 ಮಿ.ಗ್ರಾಂ. ಇರುವುದರಿಂದ ಸಿರಿಂಜಿನಲ್ಲಿ ಒಂದು ಗೆರೆ ಹೆಚ್ಚಾದರೂ ಅನಾಹುತ. ಕೋಲಿ ಜಾತಿಯ ನಾಯಿಗಳು ಇದರಿಂದ ಸತ್ತೇ ಹೋಗಬಹುದು. ಬೆಕ್ಕಿನ ವಿಚಾರದಲ್ಲಿ ಇನ್ನೂ ಒಂದು ಮಾತು: ನಾಯಿಯ ಹನಿ ಔಷಧದಲ್ಲಿ ಪರ್ಮೆಥ್ರಿನ್ ಎಂದು ಬರೆದಿದ್ದರೆ ಅದು ಬೆಕ್ಕನ್ನು ಕೊಲ್ಲುತ್ತದೆ. ನಿಮ್ಮ ಶಾಂಪೂ ಬಾಟಲಿಯ ಹಿಂದೆಯೂ ಒಮ್ಮೆ ಓದಿ. ಪರ್ಮೆಥ್ರಿನ್, ಸೈಪರ್ಮೆಥ್ರಿನ್ ಇದ್ದರೆ ಇವತ್ತೇ ಎತ್ತಿಡಿ.

ಅತ್ತೆಯವರ ಕರ್ಪೂರದ ಎಣ್ಣೆ

ಕೊಬ್ಬರಿ ಎಣ್ಣೆ ಮಾತ್ರ ಆದರೆ ತೊಂದರೆಯಿಲ್ಲ, ಆದರೆ ಉಣುಗು ಅದಕ್ಕೆ ಸಾಯುವುದಿಲ್ಲ. ಕರ್ಪೂರ ಸೇರಿದರೆ ಅಪಾಯ. ನಾಯಿ ಮೈ ನೆಕ್ಕಿಕೊಂಡಾಗ ಹೊಟ್ಟೆಗೆ ಹೋಗಿ ವಾಂತಿ, ನಡುಕ, ಫಿಟ್ಸ್ ಬರುತ್ತದೆ. ಹಿಂದೆ ಬೇರೆ ಔಷಧ ಇಲ್ಲದ ಕಾಲದಲ್ಲಿ ಹಿರಿಯರಿಗೆ ಕೈಗೆ ಸಿಕ್ಕಿದ್ದು ಅದೇ ಆಗಿತ್ತು, ವಾಸನೆಗೆ ಒಂದೆರಡು ಉಣುಗು ಕದಲುವುದೂ ಉಂಟು. ಅತ್ತೆಯವರಿಗೆ ಕೈಯಾರೆ ಏನಾದರೂ ಮಾಡಬೇಕೆಂದಿದ್ದರೆ ಕೆಳಗೆ ಹೇಳುವ ಹೆಕ್ಕುವ ಕೆಲಸ ಅವರಿಗೇ ಕೊಡಿ, ತಾಳ್ಮೆ ಇರುವವರೇ ಅದಕ್ಕೆ ಸರಿ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಜಿರಳೆ ಚಾಕ್ ನಾಯಿಯ ಮೈಗೆ ಉಜ್ಜುವವರಿದ್ದಾರೆ, ಅದೂ ಕೂಡದು. ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿಯನ್ನು ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ. ಹಳೆಯ ಡಬ್ಬ ಕೊಟ್ಟಿಗೆಯಲ್ಲಿ ಉಳಿದಿದ್ದರೆ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ಬೇವಿನ ಸೊಪ್ಪಿನ ನೀರಿನಿಂದ ಕೇಡಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ಕೀಳುವ ರೀತಿ

ಉಣುಗು ಕೂರುವ ಜಾಗಗಳು ಇವು: ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ತೊಡೆಸಂದು, ಬಾಲದ ಬುಡ, ಕಣ್ಣಿನ ರೆಪ್ಪೆ. ದಿನಾ ಸಂಜೆ ಹತ್ತು ನಿಮಿಷ ಬೆಳಕಿನಲ್ಲಿ ಕೂತು ಈ ಏಳು ಜಾಗ ನೋಡಿ. ಕೊರಳಪಟ್ಟಿ ಬಿಚ್ಚಿ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಚರ್ಮದ ಪಟ್ಟಿಯ ಹೊಲಿಗೆಯಲ್ಲೇ ಮರಿಗಳು ಸಾಲಾಗಿ ಕೂತಿರುತ್ತವೆ.

ಚೂಪು ತುದಿಯ ಚಿಮಟ ಬೇಕು. ಎಡಗೈಯಲ್ಲಿ ಕೂದಲು ಸರಿಸಿ, ಉಣುಗಿನ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ತಾಗಿದ ಬಾಯಿಯ ಭಾಗವನ್ನೇ ಚಿಮಟದಲ್ಲಿ ಹಿಡಿಯಿರಿ. ತಿರುಚಬೇಡಿ, ಎಳೆದು ಜಗ್ಗಬೇಡಿ. ಒಂದೇ ಸಮನೆ ನಿಧಾನವಾಗಿ ನೇರ ಮೇಲಕ್ಕೆ ಎತ್ತಿದರೆ ಚರ್ಮ ಸಣ್ಣಗೆ ಗುಡಾರದ ಹಾಗೆ ಏಳುತ್ತದೆ, ಆಮೇಲೆ ಟಕ್ ಎಂದು ಬಿಡುತ್ತದೆ. ತುದಿಯಲ್ಲಿ ಚರ್ಮದ ಚೂರು ಅಂಟಿಕೊಂಡು ಬಂದರೆ ಬಾಯಿಸಮೇತ ಬಂದಿದೆ ಎಂದು ಅರ್ಥ. ಬಾಯಿ ಒಳಗೇ ಉಳಿದರೆ ಅಗೆಯಬೇಡಿ, ಕೆಲವು ದಿನದಲ್ಲಿ ತಾನೇ ಹೊರಬರುತ್ತದೆ. ಪೊವಿಡೋನ್ ಅಯೋಡಿನ್ ಹಚ್ಚಿ ಸಾಕು. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಸುರಿಯುವುದು ಮಾಡಿದರೆ ಉಣುಗು ತನ್ನ ಹೊಟ್ಟೆಯಲ್ಲಿರುವುದನ್ನು ನಾಯಿಯ ರಕ್ತಕ್ಕೆ ಕಕ್ಕಬಹುದು.

ಕಿತ್ತದ್ದನ್ನು ಉಗುರಲ್ಲಿ ಕುಕ್ಕುವ ಅಭ್ಯಾಸ ನಮ್ಮಲ್ಲಿ ಬಹಳ. ಹಾಗೆ ಮಾಡಬೇಡಿ. ಆ ರಕ್ತ ನಿಮ್ಮ ಕೈಯ ಸಣ್ಣ ಗಾಯಕ್ಕೆ, ಕಣ್ಣಿಗೆ ತಾಗಬಾರದು. ಜಾಮಿನ ಹಳೆಯ ಬಾಟಲಿಯಲ್ಲಿ ಎರಡು ಬೆರಳು ಸ್ಪಿರಿಟ್ ಹಾಕಿಟ್ಟುಕೊಂಡು ಅದಕ್ಕೇ ಬಿಡಿ, ಮುಚ್ಚಳ ಹಾಕಿ ಮಗುವಿಗೆ ಎಟುಕದ ಕಡೆ ಇಡಿ. ರಾಗಿಯಷ್ಟು ಸಣ್ಣ ಮರಿಗಳಿಗೆ ಚಿಮಟ ನಡೆಯುವುದಿಲ್ಲ. ಅಂಟುಪಟ್ಟಿಯನ್ನು ಬೆರಳಿಗೆ ಹಿಮ್ಮುಖವಾಗಿ ಸುತ್ತಿಕೊಂಡು ಒತ್ತಿ ತೆಗೆದರೆ, ಇನ್ನೂ ಕಚ್ಚಿರದ ಮರಿಗಳು ಹತ್ತಿಪ್ಪತ್ತು ಒಂದೇ ಸಲ ಬರುತ್ತವೆ. ನಾಯಿಯೇ ಹಲ್ಲಿನಲ್ಲಿ ಕಿತ್ತು ನುಂಗದಂತೆಯೂ ನೋಡಿಕೊಳ್ಳಿ. ಹೆಪಟೊಜೂನ್ ಎಂಬ ರೋಗಾಣು ಉಣುಗು ಕಚ್ಚಿ ಅಲ್ಲ, ನಾಯಿ ಉಣುಗನ್ನು ತಿಂದೇ ಬರುವಂಥದ್ದು.

ಮನೆಯ ಕೆಲಸ

ಗೋಣಿಚೀಲವನ್ನು ಇವತ್ತೇ ಸುಟ್ಟುಹಾಕಿ. ಅದರ ನೇಯ್ಗೆಯ ಸಂದು ಉಣುಗಿಗೆ ಹೇಳಿ ಮಾಡಿಸಿದ ಮನೆ. ಬದಲಿಗೆ ಹಳೆಯ ಕಾಟನ್ ಸೀರೆಯ ಎರಡು ಮಡಿಕೆ ಹಾಕಿ. ಎರಡು ಜೊತೆ ಇಟ್ಟುಕೊಂಡು ಮೂರು ದಿನಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ತಣ್ಣೀರಿನ ಒಗೆತಕ್ಕೆ ಉಣುಗು ಮುಳುಗಿ ಸಾಯುವುದಿಲ್ಲ. ಸಾಧ್ಯವಾದರೆ ಕೆಂಚನಿಗೆ ಗೋಡೆಯಿಂದ ಎರಡು ಅಡಿ ದೂರದಲ್ಲಿ, ನೆಲದಿಂದ ಮೇಲಿರುವ ಪ್ಲಾಸ್ಟಿಕ್ ಪಟ್ಟಿಯ ಮಂಚ ಮಾಡಿಕೊಡಿ.

ಎಲ್ಲಿ ಹುಡುಕಬೇಕೆಂದು ತಿಳಿಯಲು ರಾತ್ರಿ ಎಂಟರ ಮೇಲೆ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದು ನೋಡಿ. ಓರೆ ಬೆಳಕಿಗೆ ಉಣುಗಿನ ನೆರಳು ಉದ್ದವಾಗಿ ಬೀಳುತ್ತದೆ, ಬಿಳಿ ಗೋಡೆಯಲ್ಲಿ ಸಣ್ಣ ಮರಿಯೂ ತಪ್ಪಿಸಿಕೊಳ್ಳುವುದಿಲ್ಲ. ಕೆಂಚ ಮಲಗುವ ಜಾಗದ ಸುತ್ತ ಹತ್ತು ಅಡಿಯಲ್ಲೇ ಹೆಚ್ಚು ಸಿಗುತ್ತವೆ. ಜಗಲಿಯ ಕಲ್ಲಿನ ಸಂದಿಗೆ ಕುದಿಯುವ ನೀರು ಹೊಯ್ಯುವುದು ಹಳೆಯ ಉಪಾಯ, ಚೆನ್ನಾಗಿ ಕೆಲಸ ಮಾಡುತ್ತದೆ, ಮೊಟ್ಟೆಗಳೂ ಬೇಯುತ್ತವೆ. ಆ ಹೊತ್ತಿಗೆ ಮಗು, ನಾಯಿ, ಬೆಕ್ಕು ಮೂವರನ್ನೂ ಒಳಗೆ ಹಾಕಿ ಬಾಗಿಲು ಹಾಕಿಕೊಳ್ಳಿ. ಒಣಗಿದ ಮೇಲೆ ಬಿರುಕುಗಳಿಗೆ ಸಿಮೆಂಟ್ ಅಥವಾ ಗೋಡೆಯ ಪುಟ್ಟಿ ತುಂಬಿಸಿ. ಚೌಕಟ್ಟಿನ ಸಂದಿಗೆ ಸಿಲಿಕಾನ್ ಅಂಟು. ಸುಣ್ಣ ಬಳಿದರೆ ಸಾಲದು, ಸುಣ್ಣ ಬಿರುಕನ್ನು ಮುಚ್ಚುವುದಿಲ್ಲ. ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಮೂಲೆಗಳನ್ನು ಎಳೆದು, ಚೀಲವನ್ನು ಕೂಡಲೇ ಪ್ಲಾಸ್ಟಿಕ್ಕಿನಲ್ಲಿ ಗಂಟು ಕಟ್ಟಿ ಎಸೆಯಿರಿ. ಒಳಗೇ ಬಿಟ್ಟರೆ ಅಲ್ಲೇ ಮೊಟ್ಟೆ ಇಡುತ್ತವೆ. ಕೋಳಿ ಸಾಕಿದವರ ಅಂಗಳದಲ್ಲಿ ಉಣುಗು ಕಡಿಮೆ ಎನ್ನುವುದುಂಟು. ಕೋಳಿ ನೆಲದ ಮೇಲಿನದನ್ನು ಹೆಕ್ಕಿ ತಿನ್ನುತ್ತದೆ, ಸರಿ. ಸೂರಿನ ಮೂಲೆಗೆ ಕೋಳಿ ಹೋಗುವುದಿಲ್ಲ.

ಹೆಂಚಿನ ಮನೆಯಲ್ಲಿ ಸಂದುಗಳು ಎಣಿಕೆಗೆ ಸಿಗದಷ್ಟು. ಹಾಗಾಗಿ ಪರವಾನಗಿ ಇರುವ ಕೀಟ ನಿಯಂತ್ರಣದವರಿಂದ ಒಮ್ಮೆ ಸಿಂಪಡಣೆ ಮಾಡಿಸುವುದು ಒಳ್ಳೆಯದು. ಉಣುಗಿಗೆ ಎಂದು ಸ್ಪಷ್ಟವಾಗಿ ಹೇಳಿ. ಜಿರಳೆಗೆ ಮಾಡುವವರು ನೆಲದ ಮೂಲೆಗೆ ಹೊಡೆದು ಹೋಗುತ್ತಾರೆ, ನಿಮಗೆ ಬೇಕಾದದ್ದು ಗೋಡೆಯ ಮೇಲ್ಭಾಗ ಮತ್ತು ಚೌಕಟ್ಟು. ಸಿಂಪಡಣೆಗೆ ಮೊಟ್ಟೆ ಸಾಯುವುದಿಲ್ಲ, ಆದ್ದರಿಂದ ಎರಡು ಮೂರು ವಾರ ಬಿಟ್ಟು ಎರಡನೆಯ ಸಲ ಮಾಡಿಸಲೇಬೇಕು. ಇದನ್ನು ಕೈಬಿಟ್ಟರೆ ಮೊದಲ ಸಲದ ಹಣವೂ ಹೋದಂತೆ. ಪೂರ್ತಿ ಒಣಗುವವರೆಗೆ ಎಲ್ಲರೂ ಹೊರಗಿರಿ. ಬೆಕ್ಕಿಗೆ ಮಾತ್ರ ಇನ್ನೂ ಒಂದು ದಿನ ಬೇರೆ ಕೋಣೆ. ಮೀನಿನ ತೊಟ್ಟಿ ಇದ್ದರೆ ಮುಚ್ಚಿ, ಗಾಳಿಯ ಪಂಪ್ ನಿಲ್ಲಿಸಿ.

ಜ್ವರದ ಗುರುತು

ಇಷ್ಟು ಉಣುಗು ಕಚ್ಚಿದ ನಾಯಿಗೆ ಉಣುಗಿನ ಜ್ವರ ಬರುವ ಸಾಧ್ಯತೆ ನಿಜಕ್ಕೂ ಇದೆ, ಆದ್ದರಿಂದ ಮುಂದಿನ ಒಂದು ತಿಂಗಳು ಕಣ್ಣಿಟ್ಟಿರಿ. ಎರ್ಲಿಕಿಯಾ ಎಂಬ ರೋಗಾಣು ಕಚ್ಚಿದ ಒಂದರಿಂದ ಮೂರು ವಾರದಲ್ಲಿ ಕಾಣಿಸಿಕೊಳ್ಳುತ್ತದೆ. ಊಟ ಬಿಡುವುದು, ಮಂಕಾಗುವುದು, ಜಗಲಿ ಹತ್ತಲು ಹಿಂಜರಿಯುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ. ಬಬೇಸಿಯಾ ಎಂಬ ಇನ್ನೊಂದು ರೋಗಾಣು ಆದರೆ ಒಸಡು ಬಿಳಚಿಕೊಂಡು ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಮೂಗು ಒಣಗಿದೆಯೇ ಎಂದು ಮುಟ್ಟಿ ಜ್ವರ ತಿಳಿಯುವುದಿಲ್ಲ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿ ಒಂದು ಇಂಚು ಇಟ್ಟು ನೋಡಿ. ನಾಯಿಯ ಸಹಜ ಶಾಖ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ಅದೇ ದಿನ ಆಸ್ಪತ್ರೆಗೆ.

ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ರಕ್ತದ ಪ್ಲೇಟ್‌ಲೆಟ್ ಮೊದಲೇ ಇಳಿದಿರುವ ನಾಯಿಗೆ ಐಬುಪ್ರೊಫೆನ್ ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಿಸುತ್ತದೆ, ಮನುಷ್ಯರ ಅಳತೆಯ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ. ಬೆಕ್ಕಿಗೆ ಒಂದು ಪ್ಯಾರಾಸಿಟಮಾಲ್ ಮಾತ್ರೆ ಸಾಕು, ಸಾಯುತ್ತದೆ. ಆಸ್ಪತ್ರೆಯಲ್ಲಿ ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತದ ಲೇಪನದ ಪರೀಕ್ಷೆ ಎರಡನ್ನೂ ಕೇಳಿ. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ಕೆ.ಜಿ.ಗೆ ದಿನಕ್ಕೆ 10 ಮಿ.ಗ್ರಾಂನಂತೆ 28 ದಿನ. ಮೂರು ದಿನಕ್ಕೇ ನಾಯಿ ಎದ್ದು ಓಡಾಡುತ್ತದೆ, ಆಗ ಮಾತ್ರೆ ನಿಲ್ಲಿಸುವವರೇ ಹೆಚ್ಚು. ರೋಗಾಣು ಉಳಿದುಕೊಂಡು ತಿಂಗಳುಗಳ ಮೇಲೆ ಎಲುಬಿನ ಮಜ್ಜೆಯನ್ನೇ ಕೆಡಿಸಿ ಬರುತ್ತದೆ, ಆಗ ಉಳಿಸುವುದು ಬಹಳ ಕಷ್ಟ. ಈ ಮಾತ್ರೆಯನ್ನು ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ, ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ. ಬಬೇಸಿಯಾಕ್ಕೆ ಡಾಕ್ಸಿಸೈಕ್ಲಿನ್ ಒಂದೇ ಸಾಲದು, ಔಷಧವೇ ಬೇರೆ. ಅದಕ್ಕೇ ಪರೀಕ್ಷೆ ಇಲ್ಲದೆ ಅಂದಾಜಿನಲ್ಲಿ ಔಷಧ ಶುರು ಮಾಡಬಾರದು ಎನ್ನುವುದು.

ಮಂಗನ ಕಾಯಿಲೆ

ಮಲೆನಾಡಿನವರಿಗೆ ಈ ಭಯ ಇರುವುದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಕಾಯಿಲೆ ಅದು. ಆದರೆ ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ತರಗೆಲೆಯಲ್ಲಿರುವ ಬೇರೆ ಜಾತಿಯ ಉಣುಗು, ಹೀಮಾಫಿಸಾಲಿಸ್ ಸ್ಪೈನಿಜೆರಾ. ನಿಮ್ಮ ಗೋಡೆಯ ಮೇಲಿನದು ರಿಪಿಸೆಫಾಲಸ್, ಮನೆಯೊಳಗೇ ಸಂಸಾರ ಹೂಡುವ ನಾಯಿಯ ಉಣುಗು. ಗೋಡೆ ಹತ್ತಿದ್ದನ್ನು ನೋಡಿ ಮಂಗನ ಕಾಯಿಲೆಗೆ ಹೆದರಬೇಕಾಗಿಲ್ಲ.

ಕೆಂಚ ಕಾಡಿಗೆ ಹೋಗಿ ಬರುವ ನಾಯಿಯಾಗಿದ್ದರೆ ಮಾತು ಬೇರೆ, ಮೈಗೆ ಹತ್ತಿಸಿಕೊಂಡು ಕಾಡಿನ ಉಣುಗನ್ನು ಮನೆಗೆ ತರಬಲ್ಲ. ನವೆಂಬರಿನಿಂದ ಮೇವರೆಗೆ, ಆ ಕಾಡು ಉಣುಗಿನ ಮರಿಗಳ ಕಾಲದಲ್ಲಿ, ಅವನನ್ನು ಕಾಡಿಗೆ, ಸೊಪ್ಪು ತರಗೆಲೆ ತರುವ ಕಡೆಗೆ ಕರೆದೊಯ್ಯಬೇಡಿ. ಹತ್ತಿರದಲ್ಲಿ ಮಂಗ ಸತ್ತಿರುವುದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ, ನಾಯಿಯನ್ನು ಕಟ್ಟಿಹಾಕಿ. ನೀವೇ ಕಾಡಿಗೆ ಹೋಗಬೇಕಾದರೆ ಉಣುಗು ಹತ್ತದಂತೆ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ.

ನಾಯಿಯ ಉಣುಗು ಮನುಷ್ಯರನ್ನು ಕಚ್ಚುವುದು ಅಪರೂಪ, ಆದರೆ ಕಚ್ಚುವುದುಂಟು. ನೆಲದಲ್ಲಿ ಆಡುವ ಮಗುವಿನ ಕಿವಿಯ ಹಿಂದೆ, ಕೂದಲ ಬುಡದಲ್ಲಿ, ಕಂಕುಳಲ್ಲಿ ಸಂಜೆ ಒಮ್ಮೆ ನೋಡಿ. ಮನೆಯಲ್ಲಿ ಯಾರಿಗಾದರೂ ಜ್ವರ, ತೀವ್ರ ತಲೆನೋವು, ಮೈಮೇಲೆ ಕೆಂಪು ಗಂದೆ ಕಂಡರೆ ವೈದ್ಯರಿಗೆ ಉಣುಗು ಕಚ್ಚಿದ್ದನ್ನೂ, ಕಾಡಿಗೆ ಹೋಗಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಅವರು ಕೇಳದೇ ಇರಬಹುದು. ಕೆಂಚನಿಗೆ ಉಣುಗಿನ ಜ್ವರ ಬಂದರೆ ಅವನನ್ನು ಮುಟ್ಟಿದ್ದರಿಂದ ನಿಮಗೆ ಬರುವುದಿಲ್ಲ.

ಮಾತ್ರೆ ಕೊಟ್ಟ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು, ಅಲ್ಲಿಂದ 12 ವಾರ ಎಣಿಸಿ ಎರಡನೆಯ ಮಾತ್ರೆಯ ದಿನವನ್ನೂ ಈಗಲೇ ಗುರುತು ಹಾಕಿ. ಅಷ್ಟು ಹೊತ್ತಿಗೆ ಮೈಮೇಲೆ ಒಂದೂ ಕಾಣದೇ ಇರಬಹುದು, ಇನ್ನು ಯಾಕೆ ಎನಿಸಬಹುದು. ಆಗಲೂ ಕೊಡಿ. ಗೋಡೆಯಲ್ಲಿ ಕೊನೆಗೆ ಉಳಿದ ಕೆಲವು ಉಣುಗು ಹಸಿವಿನಿಂದ ಕೆಳಗೆ ಇಳಿದು ಬರುವುದು ಆಗಲೇ.